ಮೃಗದಿಂದ ಜಿಂಕೆಯವರೆಗೆ: ಇಂಗ್ಲಿಷಿನ ‘ಡಿಯರ್’ ಪದದ ಅರ್ಥಚರಿತ್ರೆ

ಅರ್ಥಸಂಕೋಚವನ್ನು ವಿವರಿಸುವಾಗ ಐತಿಹಾಸಿಕ ಭಾಷಾಶಾಸ್ತ್ರದ ಪಠ್ಯಗಳು ಮತ್ತೆ ಮತ್ತೆ ಕೊಡುವ ನಾಲ್ಕೈದು ಇಂಗ್ಲಿಷ್ ಪದಗಳಿವೆ. ‘ಮೀಟ್’ ಒಂದು ಕಾಲಕ್ಕೆ ಎಲ್ಲ ಬಗೆಯ ಆಹಾರಕ್ಕೂ ಹೆಸರಾಗಿತ್ತು. ಈಗ ಅದು ಮಾಂಸ ಮಾತ್ರ. ‘ಹೌಂಡ್’ ಎಂದರೆ ಯಾವುದೇ ನಾಯಿ, ಈಗ ಬೇಟೆನಾಯಿ. ‘ಡಿಯರ್’ ಈ ಪಟ್ಟಿಯಲ್ಲಿ ಎಂದೂ ತಪ್ಪದ ಪದ. ಹಳೆಯ ಇಂಗ್ಲಿಷಿನಲ್ಲಿ ಕಾಡುಪ್ರಾಣಿಗಳಿಗೆಲ್ಲ ಸಲ್ಲುತ್ತಿದ್ದ ಈ ಪದವು ಇಂದು ಜಿಂಕೆ, ಕಡವೆ, ಸಾರಂಗಗಳ ಕುಲಕ್ಕೆ ಮಾತ್ರ ಸಲ್ಲುತ್ತದೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣವೂ ಒಂದೇ ವಾಕ್ಯದ್ದು: ನಾರ್ಮನ್ನರ ಆಳ್ವಿಕೆಯ ನಂತರ ಫ್ರೆಂಚಿನಿಂದ ‘ಬೀಸ್ಟ್’ ಬಂದಿತು, ಸ್ಥಳ ಕಳೆದುಕೊಂಡ ‘ಡಿಯರ್’ ಕುಗ್ಗಿತು.

ಈ ವಿವರಣೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಪದವೊಂದು ತನ್ನ ಹಳೆಯ ವ್ಯಾಪ್ತಿಯನ್ನು ಏಕೆ ಕಳೆದುಕೊಂಡಿತು ಎಂಬುದಕ್ಕೆ ಅದು ಉತ್ತರ ಹೇಳುತ್ತದೆ; ಕುಗ್ಗಿದ ಪದವು ಏಕೆ ಇಲ್ಲಿಯೇ ಬಂದು ನಿಂತಿತು ಎಂಬುದಕ್ಕೆ ಹೇಳುವುದಿಲ್ಲ. ‘ಡಿಯರ್’ ತೋಳಕ್ಕೆ ಹೆಸರಾಗಿ ಉಳಿಯಬಹುದಿತ್ತು, ಕಾಡುಹಂದಿಗೆ ಉಳಿಯಬಹುದಿತ್ತು. ಅಥವಾ ಯಾವುದಕ್ಕೂ ಉಳಿಯದೆ ಅಳಿದುಹೋಗಬಹುದಿತ್ತು. ಫ್ರೆಂಚಿನ ಒತ್ತಡಕ್ಕೆ ಸಿಕ್ಕ ಅನೇಕ ಹಳೆಯ ಪದಗಳ ಗತಿ ಅದೇ. ಜಿಂಕೆಯ ಕುಲವೇ ಏಕೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಬೇರೆ ಬೇರೆ, ಅವುಗಳ ಕಾಲವೂ ಬೇರೆ ಬೇರೆ ಎಂಬುದನ್ನು ನಾವು ಇಲ್ಲಿ ತೋರಿಸಬಯಸುತ್ತೇವೆ. ಕನ್ನಡದ ಓದುಗರಿಗೆ ಇದರಲ್ಲಿ ವಿಶೇಷ ಆಸಕ್ತಿ ಇರಬೇಕಾದ ಕಾರಣವೊಂದಿದೆ: ಸಂಸ್ಕೃತದ ‘ಮೃಗ’ ಇದೇ ದಾರಿಯಲ್ಲಿ ನಡೆದ ಪದ. ಆ ಕಡೆಗೆ ಕೊನೆಯಲ್ಲಿ ಬರುತ್ತೇವೆ.

ಮೊದಲು ಒಂದು ಗೊಂದಲವನ್ನು ಬದಿಗಿಡಬೇಕು. ಪತ್ರದ ಮೊದಲಿಗೆ ಬರೆಯುವ ‘ಡಿಯರ್’ ಕನ್ನಡ ಲಿಪಿಯಲ್ಲಿ ಇದೇ ರೂಪ ತಾಳುತ್ತದೆ, ಇಂಗ್ಲಿಷಿನ ಉಚ್ಚಾರದಲ್ಲಿಯೂ ಎರಡಕ್ಕೆ ಭೇದವಿಲ್ಲ. ಆದರೆ ‘ಪ್ರಿಯ’ ಎಂಬ ಅರ್ಥದ ಆ ಪದದ ಮೂಲವೇ ಬೇರೆ. ನಮ್ಮ ವಿಷಯ ಪ್ರಾಣಿಯದು.

ಹಳೆಯ ಇಂಗ್ಲಿಷಿನ ಅರ್ಥಕ್ಷೇತ್ರ

ಹಳೆಯ ಇಂಗ್ಲಿಷಿನಲ್ಲಿ ಪದದ ರೂಪ ‘ದೇಓರ್’. ಜರ್ಮಾನಿಕ್ ಭಾಷೆಗಳಲ್ಲೆಲ್ಲ ಇದಕ್ಕೆ ಜ್ಞಾತಿಪದಗಳಿವೆ: ಜರ್ಮನ್ ‘ಟೀರ್’, ಡಚ್ ‘ದೀರ್’, ಸ್ವೀಡಿಷ್ ‘ಯೂರ್’. ಈ ಮೂರರಲ್ಲಿಯೂ ಇಂದಿಗೂ ಸಾಮಾನ್ಯ ಅರ್ಥ ‘ಪ್ರಾಣಿ’ ಎಂದೇ. ಈ ಕುಟುಂಬದ ಅತಿ ಹಳೆಯ ದೀರ್ಘ ಪಠ್ಯವಾದ, 4ನೆಯ ಶತಮಾನದ ವುಲ್ಫಿಲನ ಗಾಥಿಕ್ ಬೈಬಲಿನಲ್ಲಿ ‘ದಿಉಸ್’ ಎಂಬ ರೂಪವಿದೆ. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸು ಅಡವಿಯಲ್ಲಿ ಕಾಡುಮೃಗಗಳ ನಡುವೆ ಇದ್ದ ಪ್ರಸಂಗದಲ್ಲಿ ಅದು ಬರುತ್ತದೆ. ಅಲ್ಲಿ ಗ್ರೀಕಿನ ‘ಥೇರಿಯಾನ್’ ಅಂದರೆ ಕಾಡುಮೃಗ. ಜಿಂಕೆಯ ಸುಳಿವೇ ಇಲ್ಲ.

ಇನ್ನೂ ಹಿಂದಕ್ಕೆ ಹೋದರೆ, ವಿದ್ವಾಂಸರಲ್ಲಿ ಹೆಚ್ಚಿನವರು ಈ ಪದವನ್ನು ‘ಉಸಿರಾಡು’ ಎಂಬ ಅರ್ಥದ ಇಂಡೋ-ಯುರೋಪಿಯನ್ ಧಾತುವಿಗೆ ಜೋಡಿಸುತ್ತಾರೆ. ರಷ್ಯನ್ ಭಾಷೆಯಲ್ಲಿ ಆತ್ಮಕ್ಕೆ ಹೇಳುವ ‘ದುಷಾ’ ಇದೇ ಧಾತುವಿನದು. ಈ ನಿಷ್ಪತ್ತಿಯನ್ನು ಒಪ್ಪುವುದಾದರೆ ‘ದೇಓರ್’ ಎಂದರೆ ಮೂಲದಲ್ಲಿ ಉಸಿರುಳ್ಳದ್ದು. ಬಹಳ ಕಾಲದ ಮೇಲೆ ಅದರ ಸ್ಥಾನಕ್ಕೆ ಬಂದ ‘ಅನಿಮಲ್’ ಪದದ ಕಥೆಯೂ ಇದೇ: ಲ್ಯಾಟಿನ್ನಿನ ‘ಅನಿಮ’ ಎಂದರೆ ಉಸಿರು, ಜೀವ. ಆ ‘ಅನಿಮ’ದ ಧಾತುವೇ ಸಂಸ್ಕೃತದ ‘ಅನ್’. ಅದಕ್ಕೆ ‘ಪ್ರ’ ಸೇರಿ ‘ಪ್ರಾಣ’, ಪ್ರಾಣವುಳ್ಳದ್ದು ‘ಪ್ರಾಣಿ’. ಹಾಗಾಗಿ ‘ಅನಿಮಲ್’ ಪದಕ್ಕೆ ನಾವು ‘ಪ್ರಾಣಿ’ ಎಂದು ಅರ್ಥ ಬರೆಯುವಾಗ ಕೇವಲ ಅನುವಾದ ಮಾಡುತ್ತಿಲ್ಲ, ದೂರದ ದಾಯಾದಿಗಳಿಬ್ಬರನ್ನು ಒಂದೇ ಸಾಲಿನಲ್ಲಿ ಕೂರಿಸುತ್ತಿದ್ದೇವೆ.

ಆದರೆ ಹಳೆಯ ಇಂಗ್ಲಿಷಿನ ಆಡುಗರಿಗೆ ಈ ಮೂಲದ ನೆನಪಿರಲಿಲ್ಲ. ಅವರ ಬಳಕೆಯಲ್ಲಿ ‘ದೇಓರ್’ ಎಲ್ಲ ಪ್ರಾಣಿಗೂ ಸಲ್ಲುತ್ತಿತ್ತು ಎಂದು ಹೇಳುವುದು ಸಡಿಲವಾದ ಮಾತು. ಸಾಕಿದ ಪ್ರಾಣಿಗೆ, ಮುಖ್ಯವಾಗಿ ದನಕರುಗಳಿಗೆ, ‘ನೀಟೆನ್’ ಎಂಬ ಬೇರೆ ಪದವಿತ್ತು. ಕಾಡಿನದು ‘ದೇಓರ್’, ಕೊಟ್ಟಿಗೆಯದು ‘ನೀಟೆನ್’. ಗೆರೆ ಸದಾ ಖಚಿತವಾಗಿರಲಿಲ್ಲವಾದರೂ ಒಲವು ಸ್ಪಷ್ಟ. ಇಂಗ್ಲಿಷಿನ ‘ವಿಲ್ಡರ್‌ನೆಸ್’ ಎಂಬ ಪದದ ನಡುವೆ ಈ ಹಳೆಯ ‘ದೇಓರ್’ ಇಂದಿಗೂ ಹುದುಗಿ ಕುಳಿತಿದೆ: ಕಾಡುಮೃಗಗಳು ಇರುವ ಎಡೆಯೇ ವಿಲ್ಡರ್‌ನೆಸ್.

9ನೆಯ ಶತಮಾನದ ಕೊನೆಯಲ್ಲಿ ಆಲ್ಫ್ರೆಡ್ ದೊರೆಯ ಬಳಿಗೆ ಬಂದ ಓಹ್ಟೆರೆ ಎಂಬ ನಾರ್ವೆಯ ಪ್ರಯಾಣಿಕನು ಹೇಳಿದ ವೃತ್ತಾಂತವೊಂದು ಒರೋಸಿಯಸ್‌ನ ಇತಿಹಾಸಗ್ರಂಥದ ಹಳೆಯ ಇಂಗ್ಲಿಷ್ ಅನುವಾದದಲ್ಲಿ ಸೇರಿಕೊಂಡಿದೆ. ತನ್ನ ಬಳಿ ಇನ್ನೂ ಮಾರದ 600 ಪಳಗಿದ ‘ದೇಓರ್’ಗಳಿವೆ, ಅವುಗಳನ್ನು ‘ಹ್ರಾನ್’ ಎನ್ನುತ್ತಾರೆ ಎಂದು ಅವನು ಹೇಳುತ್ತಾನೆ. ಅವು ಹಿಮಸಾರಂಗಗಳು. ಇಲ್ಲಿ ‘ದೇಓರ್’ ಎಂದರೆ ಜಿಂಕೆಯ ಕುಲವೋ, ಬರಿಯ ಪ್ರಾಣಿಯೋ? ವಾಕ್ಯವನ್ನು ಎರಡು ಬಗೆಯಾಗಿಯೂ ಓದಬಹುದು. ಆದರೆ ‘ಪಳಗಿದ’ ಎಂಬ ವಿಶೇಷಣ ಬೇಕಾಯಿತೆಂಬುದೇ ವಿಶೇಷಣವಿಲ್ಲದ ‘ದೇಓರ್’ ಪಳಗಿರದ್ದು ಎಂಬುದಕ್ಕೆ ಸಾಕ್ಷಿ. ಇಷ್ಟನ್ನು ಮೀರಿ ಈ ವಾಕ್ಯದಿಂದ ಏನನ್ನಾದರೂ ಹಿಂಡಿ ತೆಗೆಯುವುದು ನಮಗೆ ಉಚಿತವೆನಿಸುವುದಿಲ್ಲ.

ಇನ್ನೊಂದು ಸಂಗತಿಯನ್ನು ಪಠ್ಯಪುಸ್ತಕಗಳು ಹೇಳುವುದು ಕಡಿಮೆ, ನಮ್ಮ ವಾದಕ್ಕೆ ಅದು ಮುಖ್ಯ. ಹಳೆಯ ಇಂಗ್ಲಿಷಿನಲ್ಲಿ ಕೆಂಜಿಂಕೆಯ ಗಂಡಿಗೆ ‘ಹೆಓರೊಟ್’ ಎಂಬ ಪದವಿತ್ತು. ‘ಬಿಓವುಲ್ಫ್’ ಕಾವ್ಯದ ಅರಮನೆಗೆ ಅದೇ ಹೆಸರು. ಹೆಣ್ಣಿಗೆ ‘ಹಿಂಡ್’. ಸಣ್ಣ ಜಾತಿಯ ಜಿಂಕೆಗೆ ‘ರಾ’. ಇಷ್ಟೆಲ್ಲ ಇದ್ದೂ, ಇವುಗಳನ್ನೆಲ್ಲ ಒಟ್ಟಾಗಿ ಹೇಳುವ ಒಂದು ಕುಲವಾಚಕ ಇರಲಿಲ್ಲ. ಅರ್ಥಕ್ಷೇತ್ರದಲ್ಲಿ ಅದೊಂದು ಖಾಲಿ ಮನೆ. ‘ದೇಓರ್’ ಮುಂದೆ ಹೋಗಿ ಸೇರಿದ್ದು ಈ ಮನೆಗೆ.

ಬೇಟೆಯ ಮಾತು, ಅರಣ್ಯದ ಕಾನೂನು

ಸೇರಿದ್ದು ಹೇಗೆ ಎಂಬುದನ್ನು ತಿಳಿಯಲು ಬೇಟೆಗಾರನ ಮಾತನ್ನು ಕೇಳಬೇಕು. ಐಲ್ಫ್ರಿಕ್ ಎಂಬ ಸನ್ಯಾಸಿಯು ಲ್ಯಾಟಿನ್ ಕಲಿಯುವ ಹುಡುಗರಿಗಾಗಿ ಬರೆದ ಸಂಭಾಷಣೆಯೊಂದಿದೆ. ಅದರ ಸಾಲುಗಳ ನಡುವೆ ಹಳೆಯ ಇಂಗ್ಲಿಷಿನ ಅರ್ಥವನ್ನೂ ಬರೆದಿಟ್ಟಿದ್ದಾರೆ. ಗುರುವು ಬೇಟೆಗಾರನನ್ನು ಯಾವ ‘ವಿಲ್‌ದೇಓರ್’ಗಳನ್ನು ಹಿಡಿಯುತ್ತೀಯೆ ಎಂದು ಕೇಳುತ್ತಾನೆ. ಉತ್ತರದಲ್ಲಿ ಗಂಡು ಕೆಂಜಿಂಕೆ, ಕಾಡುಹಂದಿ, ಮತ್ತೆರಡು ಬಗೆಯ ಜಿಂಕೆಗಳು, ಕೆಲವೊಮ್ಮೆ ಮೊಲ ಇವೆ. ಅಂದರೆ ನಾರ್ಮನ್ನರು ಬರುವ ಮೊದಲಿನ ಬೇಟೆಯ ಮಾತಿನಲ್ಲಿ ಹಂದಿ ಮೊಲಗಳೂ ‘ದೇಓರ್’ಗಳೇ. ಆದರೆ ಪಟ್ಟಿಯ ಐದರಲ್ಲಿ ಮೂರು ಜಿಂಕೆಯ ಕುಲದವು, ಮೊದಲ ಸ್ಥಾನವೂ ಆ ಕುಲಕ್ಕೇ.

1066ರ ನಂತರ ಬೇಟೆ ಒಂದು ಕಸುಬಾಗಿ ಉಳಿಯಲಿಲ್ಲ, ರಾಜನ ಹಕ್ಕಾಯಿತು. ವಿಲಿಯಮ್ ದೊರೆ 1087ರಲ್ಲಿ ತೀರಿಕೊಂಡಾಗ ಆಂಗ್ಲೋ-ಸ್ಯಾಕ್ಸನ್ ವೃತ್ತಾಂತದ ಪೀಟರ್‌ಬರೋ ಪ್ರತಿಯನ್ನು ಬರೆಯುತ್ತಿದ್ದವನು ಅವನ ಮೇಲೊಂದು ಕಹಿಯಾದ ಪದ್ಯವನ್ನು ಸೇರಿಸಿದನು. ದೊರೆಯು ‘ದೇಓರ್’ಗಳಿಗೆ ದೊಡ್ಡ ರಕ್ಷಿತ ಪ್ರದೇಶವನ್ನು ಏರ್ಪಡಿಸಿದನೆಂದೂ, ಗಂಡಾಗಲಿ ಹೆಣ್ಣಾಗಲಿ ಕೆಂಜಿಂಕೆಯನ್ನು ಕೊಂದವನ ಕಣ್ಣು ಕೀಳಿಸುವ ಕಾನೂನು ಮಾಡಿದನೆಂದೂ, ಹಂದಿಯನ್ನು ಕೊಲ್ಲುವುದನ್ನೂ ನಿಷೇಧಿಸಿದನೆಂದೂ, ‘ಎತ್ತರದ ದೇಓರ್’ಗಳನ್ನು ತಾನೇ ಅವುಗಳ ತಂದೆಯೆಂಬಂತೆ ಪ್ರೀತಿಸಿದನೆಂದೂ ಅದರಲ್ಲಿದೆ. ಈ ಪದ್ಯ ನಮಗೆ ಅಮೂಲ್ಯವಾದ ದಾಖಲೆ. ರಕ್ಷಿತ ಪ್ರದೇಶಕ್ಕೆ ಅದು ಬಳಸುವ ಸಮಾಸದಲ್ಲಿ ‘ದೇಓರ್’ ಇನ್ನು ಕಾಡಿನ ಯಾವುದೋ ಪ್ರಾಣಿಯಲ್ಲ. ಅದು ರಾಜನಿಗೆ ಸೇರಿದ ಬೇಟೆ. ಪದದ ವಾಚ್ಯಾರ್ಥ ಇನ್ನೂ ಬದಲಾಗಿಲ್ಲ, ಅದು ಬೊಟ್ಟು ಮಾಡಿ ತೋರಿಸುವ ವಸ್ತು ಬದಲಾಗಿದೆ.

ಇಂಗ್ಲಿಷರ ಅರಣ್ಯ ಕಾನೂನು ಮುಂದಿನ ಶತಮಾನದಲ್ಲಿ ಇನ್ನಷ್ಟು ಬಿಗಿಯಾಯಿತು. ‘ಫಾರೆಸ್ಟ್’ ಎಂಬುದೇ ಆಗ ಮರಗಳ ಗುಂಪಿನ ಹೆಸರಾಗಿರಲಿಲ್ಲ. ರಾಜನ ಬೇಟೆಯ ಕಾನೂನು ನಡೆಯುವ ಪ್ರದೇಶದ ಹೆಸರಾಗಿತ್ತು. ಅಲ್ಲಿ ಎರಡು ವಸ್ತುಗಳಿಗೆ ರಕ್ಷಣೆ: ಹಸುರಿಗೆ ಮತ್ತು ‘ವೆನಿಸನ್’ಗೆ. ಅರಣ್ಯದ ಪ್ರಾಣಿಗಳೆಂದು ಕಾನೂನು ಪರಿಗಣಿಸಿದ್ದು ಮೂರು ಬಗೆಯ ಜಿಂಕೆಗಳನ್ನು ಹಾಗೂ ಕಾಡುಹಂದಿಯನ್ನು. ಆ ಮೂರರಲ್ಲಿ ಒಂದಾದ ಚುಕ್ಕೆಯ ‘ಫ್ಯಾಲೋ’ ಜಿಂಕೆಯನ್ನು ನಾರ್ಮನ್ನರೇ ತಂದು ಬೆಳೆಸಿದರು. 1217ರ ಅರಣ್ಯ ಸನ್ನದಿನಲ್ಲಿ, ವೆನಿಸನ್‌ಗಾಗಿ ಯಾರೂ ಜೀವವನ್ನಾಗಲಿ ಅಂಗವನ್ನಾಗಲಿ ಕಳೆದುಕೊಳ್ಳಬಾರದು ಎಂಬ ನಿಯಮ ಬಂದಿತು. ಅಂಥ ನಿಯಮ ಬೇಕಾಯಿತೆಂಬುದರಿಂದ ಅದಕ್ಕೆ ಮುಂಚಿನ ಸ್ಥಿತಿಯನ್ನು ಊಹಿಸಬಹುದು. ಕಾಡಂಚಿನ ಹಳ್ಳಿಯ ಇಂಗ್ಲಿಷ್ ಆಡುಗನಿಗೆ, ತಾನು ಕೊಂದದ್ದು ಯಾವ ‘ದೇಓರ್’ ಎಂಬುದು ವ್ಯಾಕರಣದ ಪ್ರಶ್ನೆಯಾಗಿರಲಿಲ್ಲ. ನ್ಯಾಯಾಲಯದಲ್ಲಿ ಮಾತು ಲ್ಯಾಟಿನ್ನಿನದೋ ಫ್ರೆಂಚಿನದೋ ಆಗಿದ್ದೀತು. ದಂಡ ತೆರುವವನು ತನ್ನ ಮಾತಿನಲ್ಲಿಯೇ ಆ ಪ್ರಾಣಿಯನ್ನು ಗುರುತಿಸಬೇಕಿತ್ತು.

‘ವೆನಿಸನ್’ ಪದದ ನಡೆ ನಮ್ಮ ವಾದಕ್ಕೆ ಬಲ ಕೊಡುತ್ತದೆ. ಲ್ಯಾಟಿನ್ನಿನಲ್ಲಿ ಅದರ ಮೂಲಕ್ಕೆ ‘ಬೇಟೆ’ ಎಂದು ಅರ್ಥ. ಇಂಗ್ಲಿಷಿಗೆ ಬಂದಾಗ ಅದು ಬೇಟೆಯಾಡಿ ತಂದ ಯಾವುದೇ ಪ್ರಾಣಿಯ ಮಾಂಸ. ಇಂದು ಜಿಂಕೆಯ ಮಾಂಸ ಮಾತ್ರ. ಒಂದು ದೇಶೀಯ ಪದ, ಒಂದು ಫ್ರೆಂಚ್ ಪದ. ಇವೆರಡೂ ‘ಬೇಟೆಯ ಪ್ರಾಣಿ’ ಎಂಬ ಒಂದೇ ಬಾಗಿಲಿನಿಂದ ಒಳಹೊಕ್ಕು ಒಂದೇ ಕುಲದ ಬಳಿ ನಿಂತವು. ‘ವೆನಿಸನ್’ ಪದವನ್ನು ‘ಬೀಸ್ಟ್’ ತಳ್ಳಲಿಲ್ಲ. ಅದಕ್ಕೂ ಇದಕ್ಕೂ ಪೈಪೋಟಿಯೇ ಇರಲಿಲ್ಲ. ಅದರ ಸಂಕೋಚಕ್ಕೆ ಕಾರಣ ಪದಗಳ ಜಗಳವಲ್ಲ, ಕಾಡಿನಲ್ಲಿ ಉಳಿದದ್ದು ಏನು ಎಂಬುದು. ಇಂಗ್ಲೆಂಡಿನಲ್ಲಿ ಕರಡಿ ಬಹಳ ಹಿಂದೆಯೇ ಇಲ್ಲವಾಗಿತ್ತು. ಮಧ್ಯಯುಗ ಮುಗಿಯುವ ಹೊತ್ತಿಗೆ ಕಾಡುಹಂದಿಯೂ ತೋಳವೂ ಬಹುಪಾಲು ಮರೆಯಾದವು. ದೊಡ್ಡ ಗಾತ್ರದ ಬೇಟೆಯೆಂದರೆ ಜಿಂಕೆಯೇ.

ಜರ್ಮನ್ ಭಾಷೆಯೊಡನೆ ಹೋಲಿಸಿದರೆ ಎರಡು ಕಾರಣಗಳನ್ನು ಬೇರ್ಪಡಿಸಬಹುದು. ಜರ್ಮನಿನ ‘ಟೀರ್’ ಸಾಮಾನ್ಯ ಬಳಕೆಯಲ್ಲಿ ಇಂದಿಗೂ ‘ಪ್ರಾಣಿ’. ಆದರೆ ಅಲ್ಲಿನ ಬೇಟೆಗಾರರ ಪಾರಿಭಾಷಿಕ ಮಾತಿನಲ್ಲಿ ‘ಟೀರ್’ ಎಂದರೆ ಹೆಣ್ಣು ಕೆಂಜಿಂಕೆ. ಅಂದರೆ ಬೇಟೆಯ ವಲಯದಲ್ಲಿ ಅರ್ಥ ಕುಗ್ಗುವುದಕ್ಕೆ ಫ್ರೆಂಚಿನ ಸಹಾಯ ಬೇಕಿರಲಿಲ್ಲ. ಅದು ತಾನಾಗಿಯೇ ನಡೆಯುತ್ತದೆ. ಜರ್ಮನಿನಲ್ಲಿ ನಡೆಯದೆ ಇದ್ದದ್ದು ಎರಡನೆಯ ಹೆಜ್ಜೆ: ಸಾಮಾನ್ಯಾರ್ಥವನ್ನು ಕಸಿದುಕೊಳ್ಳಬಲ್ಲ ಬಲವಾದ ಎರವಲು ಪದ ಅಲ್ಲಿ ನೆಲೆಯೂರಲಿಲ್ಲ. ಹಾಗಾಗಿ ಬೇಟೆಗಾರರ ಅರ್ಥ ಬೇಟೆಗಾರರ ಬಳಿಯೇ ಉಳಿಯಿತು. ಇಂಗ್ಲಿಷಿನಲ್ಲಿ ಅದು ಊರಿನ ಅರ್ಥವಾಯಿತು.

ಸಮಾನಾರ್ಥಕಗಳ ಸರದಿ

ಎರಡನೆಯ ಹೆಜ್ಜೆಗೆ ಕಾರಣವಾದ ‘ಬೀಸ್ಟ್’ 13ನೆಯ ಶತಮಾನದ ಆರಂಭದಿಂದ ಇಂಗ್ಲಿಷಿನ ಬರಹಗಳಲ್ಲಿ ಕಾಣುತ್ತದೆ. ಆಗಲೂ ‘ಡಿಯರ್’ ತನ್ನ ಹಳೆಯ ಅರ್ಥವನ್ನು ಬಿಟ್ಟಿರಲಿಲ್ಲ. 12ನೆಯ ಶತಮಾನದ ಕೊನೆಯ ಭಾಗದ ‘ಓರ್ಮುಲಂ’ ಎಂಬ ಧಾರ್ಮಿಕ ಕಾವ್ಯ ಕುರಿಮರಿಯನ್ನೇ ಸಾಧುವಾದ ‘ದೇಓರ್’ ಎಂದು ಕರೆಯುತ್ತದೆ. ಎರಡು ಅರ್ಥಗಳೂ ಹಲವು ತಲೆಮಾರುಗಳ ಕಾಲ ಒಟ್ಟಿಗೆ ಬಾಳಿದವು. ‘ಬೀಸ್ಟ್’ ಗೆದ್ದದ್ದು ಅದು ಫ್ರೆಂಚ್ ಎಂಬ ಪ್ರತಿಷ್ಠೆಯಿಂದ ಮಾತ್ರವಲ್ಲ ಎಂದು ನಮ್ಮ ಅಭಿಪ್ರಾಯ. ಕಾಡಿನದು, ಕೊಟ್ಟಿಗೆಯದು ಎಂಬ ಹಳೆಯ ವಿಭಜನೆಯನ್ನು ಅದು ಲೆಕ್ಕಿಸಲಿಲ್ಲ; ‘ದೇಓರ್’, ‘ನೀಟೆನ್’ ಎರಡರ ಕೆಲಸವನ್ನೂ ಒಂದೇ ಪದ ಮಾಡಿತು. ‘ನೀಟೆನ್’ ಅಳಿಯಿತು. ‘ದೇಓರ್’ ಅಳಿಯಲಿಲ್ಲ, ಬೇಟೆಯ ಮಾತು ಅದಕ್ಕಾಗಿ ಒಂದು ಮನೆಯನ್ನು ಮೊದಲೇ ಸಿದ್ಧಮಾಡಿಟ್ಟಿತ್ತು.

ಹಳೆಯ ಅರ್ಥದ ಕೊನೆಯ ಪ್ರಸಿದ್ಧ ಕುರುಹು ಶೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದ ಮೂರನೆಯ ಅಂಕದಲ್ಲಿದೆ. ಹುಚ್ಚನ ವೇಷದಲ್ಲಿರುವ ಎಡ್ಗರನು ತಾನು ಏಳು ವರ್ಷ ಇಲಿ, ಹೆಗ್ಗಣ ಹಾಗೂ ಅಂಥ ‘ಸ್ಮಾಲ್ ಡಿಯರ್’ಗಳನ್ನು ತಿಂದು ಬದುಕಿದೆನೆನ್ನುತ್ತಾನೆ. ಇದನ್ನು ‘ಪುಟ್ಟ ಜಿಂಕೆ’ ಎಂದು ಅನುವಾದಿಸಿದರೆ ಆಭಾಸ. ಈ ಮಾತು ಶೇಕ್ಸ್‌ಪಿಯರನ ಸ್ವಂತದ್ದೂ ಅಲ್ಲ. ಮಧ್ಯಯುಗದ ‘ಬೆವಿಸ್ ಆಫ್ ಹ್ಯಾಂಪ್ಟನ್’ ಎಂಬ ಸಾಹಸಕಥೆಯಿಂದ ಬಂದದ್ದು. ಅವನ ಕಾಲಕ್ಕೆ ಆ ಅರ್ಥ ಜೀವಂತವಾಗಿತ್ತೆಂಬುದಕ್ಕಿಂತ ಒಂದು ನುಡಿಗಟ್ಟಿನಲ್ಲಿ ಒಣಗಿ ಉಳಿದಿತ್ತು ಎಂಬುದಕ್ಕೇ ಇದು ಸಾಕ್ಷಿ.

‘ಬೀಸ್ಟ್’ ಕೂಡ ಸುಖವಾಗಿರಲಿಲ್ಲ. ಬೈಬಲಿನ ಕೊನೆಯ ಗ್ರಂಥವಾದ ‘ಪ್ರಕಟನೆ’ಯ ಗ್ರೀಕ್ ಮೂಲದಲ್ಲಿ ದೇವರ ಸಿಂಹಾಸನದ ಸುತ್ತ ಇರುವ ನಾಲ್ವರಿಗೆ ‘ಝೋಅ’, ಅಂದರೆ ಜೀವಿಗಳು, ಎಂಬ ಪದವಿದೆ. ಸಮುದ್ರದಿಂದ ಏರಿಬರುವ ಕ್ರೂರ ಶಕ್ತಿಗೆ ‘ಥೇರಿಯಾನ್’. ಲ್ಯಾಟಿನ್ ಅನುವಾದ ‘ಅನಿಮಾಲಿಯ’, ‘ಬೆಸ್ತಿಯ’ ಎಂದು ಭೇದವನ್ನು ಉಳಿಸಿಕೊಂಡಿತು. ಆ ಲ್ಯಾಟಿನ್ನಿನಿಂದ ಅನುವಾದಿಸಿದ ವಿಕ್ಲಿಫನ ಅನುಯಾಯಿಗಳ 14ನೆಯ ಶತಮಾನದ ಇಂಗ್ಲಿಷಿನಲ್ಲಿ ಎರಡಕ್ಕೂ ‘ಬೀಸ್ಟ್’ ಎಂದೇ ಬಂದಿತು. ಗ್ರೀಕ್ ಮೂಲವನ್ನು ನೋಡಿಯೇ ಸಿದ್ಧವಾದ 1611ರ ಅಧಿಕೃತ ಅನುವಾದದಲ್ಲಿಯೂ ಹಾಗೆಯೇ ಉಳಿಯಿತು. ದೇವರನ್ನು ಸ್ತುತಿಸುವವರಿಗೂ ದೇವರನ್ನು ದೂಷಿಸುವುದಕ್ಕೂ ಅಲ್ಲಿ ಒಂದೇ ಹೆಸರು. 1881ರ ಪರಿಷ್ಕರಣದಲ್ಲಿ ಮೊದಲನೆಯದು ‘ಜೀವಿಗಳು’ ಎಂದಾಯಿತು. ಕನ್ನಡ ಬೈಬಲಿನ ಓದುಗರಿಗೆ ಈ ತೊಡಕಿಲ್ಲ: ‘ಜೀವಿ’ ಬೇರೆ, ‘ಮೃಗ’ ಬೇರೆ.

1611ರ ಆ ಅನುವಾದದಲ್ಲಿ ‘ಅನಿಮಲ್’ ಎಂಬ ಪದ ಎಲ್ಲಿಯೂ ಇಲ್ಲ. ಇಂಗ್ಲಿಷಿನಲ್ಲಿ ಅದು 14ನೆಯ ಶತಮಾನದಷ್ಟು ಹಿಂದೆಯೇ ಅಲ್ಲೊಂದು ಇಲ್ಲೊಂದು ಕಂಡರೂ ಸಾಮಾನ್ಯ ಬಳಕೆಗೆ ಬಂದದ್ದು 16ನೆಯ ಶತಮಾನದ ಕೊನೆಯಿಂದೀಚೆಗೆ. ಅದು ವಿದ್ವಾಂಸರ ಮಾತಾಗಿ ಬಂದು ಬೀದಿಯ ಮಾತಾಯಿತು. ‘ಬೀಸ್ಟ್’ ಅದರ ಒತ್ತಡಕ್ಕೆ ಸಿಕ್ಕಿ ಭಯ, ಗಾತ್ರ, ಕ್ರೌರ್ಯಗಳ ಕಡೆಗೆ ಸರಿಯಿತು. ಇಂದಿನ ನಿಘಂಟುಗಳಲ್ಲಿ ‘ಅನಿಮಲ್’, ‘ಬೀಸ್ಟ್’, ‘ಕ್ರೀಚರ್’, ‘ಬ್ರೂಟ್’ ಒಂದೇ ಸಾಲಿನಲ್ಲಿ ಸಮಾನಾರ್ಥಕಗಳಾಗಿ ನಿಂತಿರುತ್ತವೆ. ಅವುಗಳ ನಡುವಿನ ಅಂತರ ಅರ್ಥದ್ದಲ್ಲ, ಆಗಮನದ ಕಾಲದ್ದು ಎಂದರೆ ಹೆಚ್ಚು ಸರಿ. ಆ ಸಾಲಿನ ಮೊದಲಿಗ ‘ಡಿಯರ್’ ಅಲ್ಲಿ ಕಾಣುವುದೇ ಇಲ್ಲ.

ಬಹುವಚನದಲ್ಲಿ ಮಾತ್ರ ಅದು ತನ್ನ ವಯಸ್ಸನ್ನು ಬಿಟ್ಟುಕೊಡುತ್ತದೆ. ಹಳೆಯ ಇಂಗ್ಲಿಷಿನ ಒಂದು ವರ್ಗದ ನಪುಂಸಕ ನಾಮಪದಗಳಿಗೆ ಬಹುವಚನ ಪ್ರತ್ಯಯವಿರಲಿಲ್ಲ. ‘ಶೀಪ್’, ‘ಸ್ವೈನ್’ ಪದಗಳಂತೆ ‘ಡಿಯರ್’ ಕೂಡ ಒಂದಿದ್ದರೂ ನೂರಿದ್ದರೂ ‘ಡಿಯರ್’.

‘ಮೃಗ’ ಹಿಡಿದ ದಾರಿ

ಋಗ್ವೇದದಲ್ಲಿ ‘ಮೃಗ’ ಎಂದರೆ ಕಾಡಿನ ಪ್ರಾಣಿ, ಹಲವೆಡೆ ಭಯಂಕರವಾದದ್ದು. ಆನೆಯನ್ನು ಅಲ್ಲಿ ‘ಕೈಯುಳ್ಳ ಮೃಗ’ ಎಂದು ಕರೆದಿದ್ದಾರೆ. ಮುಂದಿನ ಸಂಸ್ಕೃತದಲ್ಲಿ ಅದಕ್ಕೆ ಜಿಂಕೆ ಎಂಬ ಅರ್ಥ ಬಲವಾಗಿ ಬೇರೂರಿತು. ಅಮರಕೋಶವು ‘ಮೃಗ’ವನ್ನು ಕುರಂಗ, ಹರಿಣಗಳ ಜೊತೆಗೆ ಇಡುತ್ತದೆ. ಬೇಟೆಗೆ ಸಂಸ್ಕೃತದಲ್ಲಿ ‘ಮೃಗಯಾ’ ಎಂದೇ ಹೆಸರಿರುವುದನ್ನು ಇಲ್ಲಿ ನೆನೆಯಬೇಕು. ಕಾಳಿದಾಸನ ‘ಶಾಕುಂತಲ’ ತೆರೆದುಕೊಳ್ಳುವುದು ದುಷ್ಯಂತನು ಮೃಗವೊಂದನ್ನು ಅಟ್ಟಿಸಿಕೊಂಡು ಆಶ್ರಮದ ಅಂಚಿಗೆ ಬರುವುದರಿಂದ; ಆ ಮೃಗ ಜಿಂಕೆ ಎಂದು ಯಾರಿಗೂ ವಿವರಿಸಬೇಕಾಗಿಲ್ಲ. ಅರಸನ ಬೇಟೆ, ಬೇಟೆಯ ಮುಖ್ಯ ಪ್ರಾಣಿ, ಆ ಪ್ರಾಣಿಗೆ ಕುಲದ ಸಾಮಾನ್ಯ ಹೆಸರು: ಇಂಗ್ಲಿಷಿನಲ್ಲಿ ಕಂಡ ಮೊದಲ ಹೆಜ್ಜೆ ಇಲ್ಲಿಯೂ ಅದೇ, ಯಾವ ಎರವಲು ಪದದ ಒತ್ತಡವೂ ಇಲ್ಲದೆ. ಇದೇ ಪದದ ಇರಾನೀ ಜ್ಞಾತಿ ಬೇರೊಂದು ಕಡೆಗೆ ಹಾರಿತು. ಅವೆಸ್ತಾದಲ್ಲಿ ಅದು ಹಕ್ಕಿ. ಪಾರಸಿಯ ‘ಮುರ್ಗ್’ ಹಕ್ಕಿಯೂ ಹೌದು, ಕೋಳಿಯೂ ಹೌದು. ಹೋಟೆಲಿನ ತಿಂಡಿಪಟ್ಟಿಯ ‘ಮುರ್ಗ್ ಮಸಾಲಾ’ದಲ್ಲಿ ನಾವು ಓದುವುದು ‘ಮೃಗ’ದ ದಾಯಾದಿಯನ್ನೇ.

ಎರಡನೆಯ ಹೆಜ್ಜೆ ಎಲ್ಲ ಕಡೆಯೂ ಬೀಳಲಿಲ್ಲ. ಹಿಂದಿಯಲ್ಲಿ ‘ಮೃಗ್’ ಮುಖ್ಯವಾಗಿ ಜಿಂಕೆ. ಸಾಮಾನ್ಯಾರ್ಥದ ಸ್ಥಾನದಲ್ಲಿ ಪಾರಸಿಯ ‘ಜಾನ್‌ವರ್’ ಕುಳಿತಿದೆ. ಜೀವ ಎಂಬ ಅರ್ಥದ ‘ಜಾನ್’ ಇರುವುದೇ ‘ಜಾನ್‌ವರ್’; ಪ್ರಾಣಿ, ಅನಿಮಲ್‌ಗಳ ಹಿಂದಿನ ಕಲ್ಪನೆಯೇ ಇದರದೂ. ಕನ್ನಡ, ತೆಲುಗು, ತಮಿಳು, ಮಲಯಾಳಗಳು ‘ಮೃಗ’ವನ್ನು ಪಡೆದುಕೊಂಡು ಅದರ ಹಳೆಯ, ವಿಶಾಲವಾದ ಅರ್ಥವನ್ನೇ ಜೀವಂತವಾಗಿ ಇಟ್ಟುಕೊಂಡವು. ಇದಕ್ಕೆ ಕಾರಣ ಅರ್ಥಕ್ಷೇತ್ರದಲ್ಲಿದೆ ಎಂದು ನಮಗೆ ತೋರುತ್ತದೆ. ಕನ್ನಡದಲ್ಲಿ ಜಿಂಕೆ, ಹುಲ್ಲೆ, ಎರಳೆ, ಚಿಗರಿ, ಕಡವೆ ಎಂದು ಆ ಕುಲಕ್ಕೆ ಪದಗಳು ತುಂಬಿದ್ದವು, ಅಲ್ಲಿ ‘ಮೃಗ’ಕ್ಕೆ ಕೆಲಸವಿರಲಿಲ್ಲ. ಪ್ರಾಣಿ, ಪಶು, ಜಂತು, ಮೃಗ ಎಂಬ ಕುಲವಾಚಕಗಳೇ ಕನ್ನಡಕ್ಕೆ ಸಂಸ್ಕೃತದಿಂದ ಬಂದವು. ಜಿಂಕೆಯ ಅರ್ಥ ಉಳಿದಿರುವುದು ಹಾಗೆ ಹಾಗೆಯೇ ಬಂದ ಸಮಾಸಗಳಲ್ಲಿ: ಮಾರೀಚನ ಮಾಯಾಮೃಗ, ಮೃಗನಯನಿ, ಮೃಗಶಿರಾ ಮಳೆ. ಮೃಗರಾಜ, ಮೃಗಾಲಯ, ಮೃಗೀಯ ಎನ್ನುವಾಗ ಹಳೆಯ ಅರ್ಥ. ಒಂದೇ ಆಡುಗನ ಬಾಯಲ್ಲಿ ಎರಡೂ ತೊಡಕಿಲ್ಲದೆ ಇರುತ್ತವೆ. ಹಳೆಯ ಇಂಗ್ಲಿಷಿನ ‘ದೇಓರ್’ ಪದಕ್ಕೆ ಆಧುನಿಕ ಇಂಗ್ಲಿಷಿನಲ್ಲಿ ಇಲ್ಲದ ಸಮರ್ಪಕ ಅನುವಾದ ಕನ್ನಡದಲ್ಲಿ ಸಿಗುವುದು ಇದರಿಂದಲೇ. ಓಹ್ಟೆರೆಯ 600 ‘ದೇಓರ್’ಗಳನ್ನು ‘ಪಳಗಿದ ಮೃಗಗಳು’ ಎಂದರೆ ಮೂಲದ ದ್ವಂದ್ವವೂ ಉಳಿಯುತ್ತದೆ.

ಅದೇ ‘ಜಾನ್‌ವರ್’ ಕನ್ನಡಕ್ಕೂ ‘ಜಾನುವಾರು’ ಆಗಿ ಬಂದಿತು. ಹಿಂದಿಯಲ್ಲಿ ಕುಗ್ಗಿದ್ದು ಹಳೆಯ ಪದ. ಇಲ್ಲಿ ‘ಪ್ರಾಣಿ’, ‘ಮೃಗ’ಗಳು ಜಾಗ ಬಿಡದೆ ಕುಳಿತಿದ್ದುದರಿಂದ ಕುಗ್ಗಿದ್ದು ಹೊಸದಾಗಿ ಬಂದದ್ದು. ಎತ್ತು, ಎಮ್ಮೆ, ಆಕಳುಗಳಿಗೆ ಸಂತೆಯಲ್ಲಿಯೂ ಸರ್ಕಾರದ ಕಡತದಲ್ಲಿಯೂ ಅದು ಹೆಸರಾಯಿತು. ಜಾನುವಾರು ಜಾತ್ರೆಗೆ ಹುಲಿಯಾಗಲಿ ಜಿಂಕೆಯಾಗಲಿ ಬರುವುದಿಲ್ಲ.